ಆಯಿ ನೀರು ಹೇಗೆ ಕುಡಿಯುತ್ತಿದ್ದಳು

ಬೆಟಗೇರಿ, 2304ರ ಫೆಬ್ರುವರಿ 30

ನಮಗಿಂತ ಮುಂಚೆ ಬದುಕಿದವರಿಗೆ,

ತಾರೀಖು ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದವನ್ನು ವರ್ಷದ ಕೊನೆಗೆ ಸೇರಿಸುತ್ತೇವೆ. ಮುಂದೆ ಬರುವ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ದ್ಯಾಮಣ್ಣ, ವಯಸ್ಸು ನೂರ ನಲವತ್ತು. ದಿನಾ ಬೆಳಿಗ್ಗೆ ಓಡುತ್ತೇನೆ, ಕಟಕ ರೊಟ್ಟಿಯನ್ನು ಸ್ವಂತ ಹಲ್ಲಿನಿಂದ ಅಗಿಯುತ್ತೇನೆ. ಇದರಲ್ಲಿ ಹೆಚ್ಚುಗಾರಿಕೆಯಿಲ್ಲ, ಇಲ್ಲಿ ಎಲ್ಲರೂ ಹೀಗೆಯೇ. ಹನ್ನೆರಡು ವರ್ಷಕ್ಕೊಮ್ಮೆ ‘ಮರುಚಿಗುರು’ ಮಾಡಿಸಿಕೊಳ್ಳುತ್ತೇವೆ; ಜೀವಕೋಶಗಳ ಸವಕಳಿಯನ್ನು ಸರಿಪಡಿಸುವ ಚಿಕಿತ್ಸೆ ಅದು. ಮುಖ ನೋಡಿ ತಾಯಿ ಯಾರು, ಮೊಮ್ಮಗಳು ಯಾರು ಎಂದು ಹೇಳಲಾಗದು. ಅದಕ್ಕೇ ಎಲ್ಲರೂ ಮಣಿಕಟ್ಟಿಗೆ ತಲೆಮಾರಿನ ದಾರ ಕಟ್ಟಿಕೊಳ್ಳುತ್ತೇವೆ, ತಲೆಮಾರಿಗೊಂದು ಬಣ್ಣ. ಮದುವೆ ಮನೆಯಲ್ಲಿ ಮೊದಲು ದಾರ ನೋಡಿ, ಆಮೇಲೆ ಕಾಲಿಗೆ ಬೀಳುತ್ತೇವೆ. ಸಾವು ನಮಗೂ ಇದೆ. ಆದರೆ ಅದು ಒಮ್ಮೆಲೇ ಬರುತ್ತದೆ. ಹಾಸಿಗೆ ಹಿಡಿದವರನ್ನು ನಾವು ಈವರೆಗೆ ಕಂಡಿರಲಿಲ್ಲ.

ನನ್ನ ಅವ್ವ ಫಕ್ಕೀರವ್ವ ಕಳೆದ ಕೆಲವು ಸರದಿಗಳಿಂದ ಮರುಚಿಗುರು ಬೇಡವೆನ್ನುತ್ತ ಬಂದಳು. ಅವಳಿಗೆ ಐದು ವರ್ಷವಿದ್ದಾಗ ಅವಳು ‘ಆಯಿ’ ಎಂದು ಕರೆಯುತ್ತಿದ್ದ ಅಜ್ಜಿ ತೀರಿಕೊಂಡಿದ್ದಳು, ಆಗಿನ್ನೂ ಈ ಚಿಕಿತ್ಸೆ ಬಂದಿರಲಿಲ್ಲ. ಅಜ್ಜಿಯ ಒಂದು ಚಿತ್ರವೂ ಉಳಿದಿಲ್ಲ. ಅವ್ವ ಕನ್ನಡಿಯ ಮುಂದೆ ಕೂತು, “ನೋಡೋ, ನಮ್ಮ ಆಯಿ ಮಾರಿ ಬರಾಕತ್ತೈತಿ,” ಎನ್ನುತ್ತಿದ್ದಳು.

ಎದುರುಮನೆಯ ಗಂಗಪ್ಪ, “ದ್ಯಾಮಣ್ಣಾ, ನಿಮ್ಮವ್ವನ್ನ ಒಳಗ ಕರ್ಕೋ, ಹುಡುಗೂರು ಅಂಜತಾವು,” ಎಂದ. ಕಟ್ಟೆಯ ಮೇಲಿಂದ ಅವ್ವನೇ ಉತ್ತರ ಕೊಟ್ಟಳು: “ನಿನ್ನ ಮಾರಿಗೆ ಅಂಜಲಾರದವು ನನಗ್ಯಾಕ ಅಂಜತಾವೋ?” ಅವನು ನಕ್ಕ. ಆದರೆ ಅಂದಿನಿಂದ ಓಣಿಯ ಕದಗಳು ಹಗಲಿನಲ್ಲೂ ಮುಚ್ಚಿರುತ್ತವೆ.

ಈಗ ಅವಳು ಏಳುವುದಿಲ್ಲ. ಇನ್ನು ಚಿಕಿತ್ಸೆಯನ್ನು ಅವಳ ಮೈ ತಾಳಲಾರದಂತೆ. ಡಾಕ್ಟರ್ ನಫೀಸಾ ಜೀವಕೋಶವನ್ನು ಬಲ್ಲವರು, ಆದರೆ ಮುದಿ ಮೈಯನ್ನು ಮುಟ್ಟಿದ್ದು ಇದೇ ಮೊದಲು. ಅಂಗಾತ ಮಲಗಿದ್ದ ಅವ್ವನಿಗೆ ಹಾಗೆಯೇ ಲೋಟ ಎತ್ತಿ ನೀರು ಕುಡಿಸಿದರು. ನೀರು ಶ್ವಾಸನಾಳಕ್ಕೆ ಹೋಗಿ ಅವಳ ಮುಖ ನೀಲಿಗಟ್ಟಿತು. ಅಂದಿನಿಂದ ಲೋಟ ಕಂಡರೆ ತುಟಿ ಬಿಗಿಹಿಡಿಯುತ್ತಾಳೆ. ಬೆನ್ನಿನಲ್ಲಿ ಹುಣ್ಣಾಗಿದೆ, ಯಾವ ಮಗ್ಗುಲಿಗೆ ಹೊರಳಿಸಬೇಕೋ ನಮಗೆ ತಿಳಿಯದು. ನಿನ್ನ ಆಯಿ ನೀರು ಹೆಂಗ ಕುಡೀತಿದ್ಲು ಎಂದು ಅವಳನ್ನೇ ಕೇಳಿದೆ. “ನಾ ಆಡಾಕ ಹೋಗಿರತಿದ್ನಿ,” ಎಂದಳು.

ನಿಮ್ಮ ಕಾಲದ ದಾಖಲೆಗಳೆಲ್ಲ ನಮ್ಮಲ್ಲಿವೆ: ನೀವು ನಡೆದ ಹೆಜ್ಜೆ, ನಿದ್ರೆ, ನಾಡಿಬಡಿತ, ರಕ್ತದ ಸಕ್ಕರೆ. ಹೆಚ್ಚು ಕಾಲ ಬದುಕಲು ಮಾಡಿದ್ದನ್ನೆಲ್ಲ ಬರೆದಿಟ್ಟಿದ್ದೀರಿ. ಮುದುಕಿಯ ತಲೆಯನ್ನು ಎಷ್ಟು ಎತ್ತಿ ಹಿಡಿದು ಗಂಜಿ ಕುಡಿಸಬೇಕು ಎಂಬುದು ಎಲ್ಲೂ ಸಿಗಲಿಲ್ಲ. ಮನೆಮನೆಯಲ್ಲೂ ಗೊತ್ತಿದ್ದ ಸಂಗತಿಯಾದ್ದರಿಂದ ಬರೆಯಬೇಕೆಂದು ಯಾರಿಗೂ ಅನಿಸಿರಲಿಕ್ಕಿಲ್ಲ.

ನಿಮ್ಮ ಮನೆಯಲ್ಲಿ ಅಂಥ ಆರೈಕೆ ಮಾಡಿದವರಿದ್ದರೆ, ದಯವಿಟ್ಟು ಕೇಳಿ ಬರೆದಿಡಿ. ನೀವು ಬರೆದಿದ್ದರೆ ಅದು ಆ ದಾಖಲೆಗಳಲ್ಲಿ ಇಷ್ಟರೊಳಗೆ ನನಗೆ ಸಿಗಬೇಕಿತ್ತು. ಅದು ಗೊತ್ತಿದ್ದೂ ಕೇಳುತ್ತಿದ್ದೇನೆ. ಅವ್ವನ ತುಟಿ ಒಣಗಿದೆ. ಲೋಟ ಹಿಡಿದು ಪಕ್ಕದಲ್ಲೇ ಕೂತಿದ್ದೇನೆ.

ದ್ಯಾಮಣ್ಣ