ಹೊರಗೆ ಬರುವವರನ್ನು ನೋಡು

ಭಾನುವಾರ, ಬೆಳಗಿನ ಎರಡನೆಯ ಕಾಫಿ ಆದ ಮೇಲೆ

ನನ್ನ ಸೂಜಿಮೆಣಸಿಗೆ,

ಅಕ್ಕನ ಪ್ರೀತಿ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನಿನ್ನ ಮೂಗಿನ ತುದಿ ಕೆಂಪಾಗಿರುತ್ತದೆ, ಗೊತ್ತು. ಹರಿದು ಹಾಕಬೇಡ. ಹರಿಯಲೇಬೇಕು ಅನ್ನಿಸಿದರೆ ಓದಿ ಆದ ಮೇಲೆ ಹರಿ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಹಾವು ಮುಂಗುಸಿ ಆಗಿಬಿಡುತ್ತೇವೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಿನ್ನ ಮೇಲೆ ದಾವೆ ಹೂಡಲು ನಾನು ವಕೀಲರನ್ನು ಹುಡುಕಿಕೊಂಡು ಹೊರಟಿದ್ದೆ. ಅಮ್ಮನ ಮನೆಯ ವಿಷಯಕ್ಕೇ.

ಅಮ್ಮ ಉಯಿಲು ಬರೆದಿಡಲಿಲ್ಲ. ಬರೆಯುವ ಅಗತ್ಯ ಬೀಳುತ್ತದೆ ಎಂದು ಅವಳಿಗೆ ಅನ್ನಿಸಿಯೇ ಇರಲಿಕ್ಕಿಲ್ಲ. ಹೆತ್ತ ಮಕ್ಕಳ ಮೇಲೆ ಎಂಥ ನಂಬಿಕೆ ನೋಡು! ನಾನು ಪಾಲು ಬೇಕು ಎಂದೆ. ಮಾರೋಕೆ ಬಿಡಲ್ಲ, ಮುಂಭಾಗದಲ್ಲಿರೋ ನನ್ನ ಕನ್ನಡಕದ ಅಂಗಡಿ ಏನಾಗಬೇಕು ಎಂದು ನೀನು ಎಗರಿಬಿದ್ದೆ. ಮಾರಬೇಕು ಎಂದು ನಾನು ಹೇಳಿರಲೇ ಇಲ್ಲ. ಆದರೆ ನೀನು ಹಾಗೆ ತಿಳಿದುಕೊಂಡಿದ್ದೀಯ ಎಂದು ಗೊತ್ತಾದ ಮೇಲೂ ನಾನು ತಿದ್ದಲಿಲ್ಲ. ಉರಿಯಲಿ ಎಂದು ಬಿಟ್ಟೆ.

ಅದಾದ ಮೇಲೆ ಒಂದು ದಿನ ಅಮ್ಮನ ಕನ್ನಡಿ ತೆಗೆದುಕೊಂಡು ಹೋಗೋಣವೆಂದು ಬಂದೆ. ಪಕ್ಕದ ಬಾಗಿಲಿಗೆ ಕೀಲಿಕೈ ಹಾಕಿದರೆ ತಿರುಗಲೇ ಇಲ್ಲ. ಹೊಸ ಬೀಗ! ಹುಟ್ಟಿ ಬೆಳೆದ ಮನೆಯ ಬಾಗಿಲಲ್ಲಿ ಕಳ್ಳಿಯ ಹಾಗೆ ನಿಂತಿದ್ದೆ. ಎದುರು ಮನೆಯ ಕಾವಲುಗಾರ ಬಂದು, ಯಾವ ಮನೆ ಬೇಕಿತ್ತಮ್ಮ ಎಂದು ಕೇಳಿದ. ನೀನು ಅಂಗಡಿಯ ಒಳಗೇ ಇದ್ದೆ. ಯಾರದೋ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿದ್ದದ್ದು ಗಾಜಿನಿಂದ ಕಾಣುತ್ತಿತ್ತು. ಒಳಗೆ ಬಂದು ಜಗಳವಾಡಬಹುದಿತ್ತು. ಆಡಲಿಲ್ಲ. ಆ ಕ್ಷಣದಲ್ಲೇ ತೀರ್ಮಾನಿಸಿದೆ, ಇನ್ನು ವಕೀಲರೇ ಮಾತಾಡಲಿ ಎಂದು.

ನಮ್ಮ ಬಡಾವಣೆ ಎಷ್ಟು ಬದಲಾಗಿದೆಯೆಂದು ನಾನು ಸರಿಯಾಗಿ ನೋಡಿದ್ದು ಈಗಲೇ. ನಾವು ಚಿಕ್ಕವರಿದ್ದಾಗ ಸೈಕಲ್ ಕಲಿತು ಬಿದ್ದ ರಸ್ತೆಯಲ್ಲಿ ಈಗ ಗೇಟಿಗೊಂದು ಕ್ಯಾಮೆರಾ. ಒಬ್ಬಾಕೆ ಕುಂಡದ ಗಿಡದ ಎಲೆಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಒಂದು ನಾಯಿ ನನಗಿಂತ ಒಳ್ಳೆಯ ಸ್ವೆಟರ್ ಹಾಕಿಕೊಂಡು ಹೋಯಿತು. ಮತ್ತೆ ಎಲ್ಲಿ ನೋಡಿದರೂ ವಕೀಲರ ಹಿತ್ತಾಳೆ ಫಲಕಗಳು. ಕಲ್ಲು ಎಸೆದರೆ ವಕೀಲರ ಮೇಲೆ ಬೀಳಬೇಕು, ಬಿದ್ದರೆ ಅವರೇ ಕೇಸು ಹಾಕಬೇಕು, ಹಾಗಿದೆ. ದುಡ್ಡಿರುವ ಕಡೆ ಜಗಳವೂ ಜಾಸ್ತಿ ಇರಬೇಕು.

ಮೊದಲು ಹೋದದ್ದು ಗಾಜಿನ ಕಟ್ಟಡದವರ ಹತ್ತಿರ. ಅವರನ್ನು ಬಿಟ್ಟರೆ ಇಲ್ಲ ಎಂದು ನನ್ನ ಕೆಳಮನೆಯಾಕೆ ಹೊಗಳಿದ್ದಳು. ಅಲ್ಲಿಯ ಜಮಖಾನೆ ಎಷ್ಟು ದಪ್ಪವೆಂದರೆ ನನ್ನ ಕೋಲು ಅರ್ಧ ಹೂತುಹೋಗುತ್ತಿತ್ತು. (ಕೋಲು ಎಂದು ಬರೆದುಬಿಟ್ಟೆನಲ್ಲ. ಇರಲಿ, ಅದಕ್ಕೆ ಮುಂದೆ ಬರುತ್ತೇನೆ.) ಆ ಮಹಾಶಯರು ನನ್ನ ಎರಡು ಮಾತು ಕೇಳಿದ್ದೇ ತಡ, ಏನೂ ಯೋಚನೆ ಮಾಡಬೇಡಿ ಮೇಡಂ, ನಿಮ್ಮ ತಂಗೀನ ಬೀದಿಗೆ ತಂದು ನಿಲ್ಲಿಸ್ತೀವಿ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನನ್ನು ಬೀದಿಗೆ ತರಲು ಇವರು ಯಾರು? ನಿನ್ನನ್ನು ಬೈಯಲು ನಾನೊಬ್ಬಳಿದ್ದೇನೆ, ಸಾಕು. ನಿಮ್ಮ ಮನೇಲಿ ಅಕ್ಕ ತಂಗಿ ಯಾರೂ ಇಲ್ವಾ ಎಂದು ಕೇಳಿ ಎದ್ದು ಬಂದೆ.

ಎರಡನೆಯವರು ಹಿರಿಯರು, ಮರ್ಯಾದಸ್ಥರು. ಗೋಡೆಯ ತುಂಬ ದೊಡ್ಡ ಮನುಷ್ಯರ ಜೊತೆ ತೆಗೆಸಿಕೊಂಡ ಫೋಟೋಗಳು. ಒಂದೊಂದರ ಕಥೆಯನ್ನೂ ಹೇಳಿದರು. ಕೊನೆಯ ಫೋಟೋ ತಲುಪುವಷ್ಟರಲ್ಲಿ ಅವರ ಊಟದ ಹೊತ್ತಾಯಿತು. ನನ್ನ ಬಾಯಿಂದ ನಮಸ್ಕಾರ ಬಿಟ್ಟು ಇನ್ನೊಂದು ಮಾತು ಹೊರಟಿರಲಿಲ್ಲ.

ಆ ಫೋಟೋಗಳ ಮನೆಯಿಂದ ಇಳಿಯುವಾಗ ನನಗೆ ಅಪ್ಪ ನೆನಪಾದರು. ನಿನ್ನ ಹುಳುಕು ಹಲ್ಲು ಕೀಳಿಸಲು ಅಪ್ಪ ವೈದ್ಯರನ್ನು ಹುಡುಕಿದ್ದು ನೆನಪಿದೆಯಾ? ಯಾರ ಶಿಫಾರಸನ್ನೂ ಕೇಳಲಿಲ್ಲ. ಹಲ್ಲಿನ ವೈದ್ಯರಿದ್ದ ರಸ್ತೆಯಲ್ಲಿ ಎದುರುಗಡೆ ಬೆಂಚಿನ ಮೇಲೆ ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡು ಇಡೀ ಮಧ್ಯಾಹ್ನ ಬಾಗಿಲುಗಳನ್ನೇ ನೋಡುತ್ತಿದ್ದರು. ಒಳಗೆ ಹೋಗೋರ ಮುಖ ನೋಡಬೇಡಿ ಮಕ್ಕಳೇ, ಅದು ಅವರ ನೋವು. ಹೊರಗೆ ಬರೋರ ಮುಖ ನೋಡಿ, ಅದು ವೈದ್ಯನ ಕೆಲಸ ಅನ್ನುತ್ತಿದ್ದರು. ಹಾಗೆ ಆರಿಸಿದ ವೈದ್ಯರ ಬೆರಳನ್ನೇ ನೀನು ಕಚ್ಚಿದೆ, ಅದು ಬೇರೆ ಮಾತು. ಕಚ್ಚಿಸಿಕೊಂಡರೂ ಆತ ನಕ್ಕರಲ್ಲ, ಅಪ್ಪನ ಆಯ್ಕೆ ಸರಿಯಾಗಿತ್ತು.

ಸರಿ, ನಾನೂ ಕೂತೆ. ವಕೀಲರ ಸಾಲಿಗೆ ಎದುರಾಗಿ ಒಂದು ಬೇಕರಿ ಇದೆ, ಕಿಟಕಿಯ ಪಕ್ಕ ಎರಡೇ ಮೇಜು. ಚಹಾ, ಒಂದು ದೊಡ್ಡ ಬಿಸ್ಕತ್ತು ತೆಗೆದುಕೊಂಡು ನೋಡತೊಡಗಿದೆ. ಅಪ್ಪ ಮುಖ ನೋಡುತ್ತಿದ್ದರು, ನನಗೆ ಕಾಲು ನೋಡಿಯೇ ಅಭ್ಯಾಸ. ಇಷ್ಟು ವರ್ಷ ಜನರ ಮಂಡಿ, ಸೊಂಟ ತಿದ್ದಿ, ನಡೆಯುವುದನ್ನು ಮತ್ತೆ ಕಲಿಸಿ ಹೊಟ್ಟೆ ಹೊರೆದವಳಲ್ಲವೇ? ಗಾಜಿನ ಕಟ್ಟಡದಿಂದ ಬಂದವರು ಹಿಮ್ಮಡಿ ಕುಟ್ಟಿಕೊಂಡು ಯುದ್ಧಕ್ಕೆ ಹೊರಟವರ ಹಾಗೆ ನಡೆಯುತ್ತಿದ್ದರು. ಇನ್ನೊಂದು ಬಾಗಿಲಿನಿಂದ ಬಂದವರು ಕಾಲೆಳೆಯುತ್ತಿದ್ದರು. ಆದರೆ ಇಸ್ತ್ರಿ ಅಂಗಡಿಯ ಪಕ್ಕ ಒಂದು ಇಕ್ಕಟ್ಟಾದ ಮೆಟ್ಟಿಲಿದೆ, ಮೇಲೆ ಒಬ್ಬ ವಕೀಲೆಯ ಸಣ್ಣ ಫಲಕ. ಅಲ್ಲಿಂದ ಇಳಿದವರೆಲ್ಲ ಹೆಗಲು ಸಡಿಲ ಬಿಟ್ಟು ಸಾವಧಾನವಾಗಿ ನಡೆದರು. ಒಬ್ಬಾತ ಕೆಳಗಿನ ಮೆಟ್ಟಿಲಲ್ಲಿ ನಿಂತು, ಬಿಚ್ಚಿಹೋಗಿದ್ದ ಶೂ ದಾರವನ್ನು ನೀಟಾಗಿ ಕಟ್ಟಿಕೊಂಡು ಹೋದ. ನ್ಯಾಯಕ್ಕೆ ಅಲೆಯುವವನಿಗೆ ಶೂ ದಾರ ಕಟ್ಟಿಕೊಳ್ಳುವಷ್ಟು ನೆಮ್ಮದಿ ಕೊಟ್ಟವರು ಒಳ್ಳೆಯವರೇ ಇರಬೇಕು. ರಸ್ತೆ ದಾಟಿದೆ.

ಆಕೆಗೆ ನಮ್ಮದೇ ವಯಸ್ಸು, ಕತ್ತರಿಸಿದ ನರೆಗೂದಲು. ಎರಡು ಕುರ್ಚಿ, ಒಂದು ಮೇಜು, ಬಿಸಿಲು ಬೀಳುವ ಕಿಟಕಿ, ಅಷ್ಟೇ. ಫೋಟೋ ಒಂದೂ ಇಲ್ಲ. ನನ್ನ ಕೋಲು ಇಸಿದುಕೊಂಡು ಕೈಗೆ ಸಿಗುವ ಕಡೆ ಒರಗಿಸಿಟ್ಟರು. ಯಾರ ಜೊತೆ ವ್ಯಾಜ್ಯ, ಯಾವ ಮನೆ ಎಂದು ಮೊದಲು ಕೇಳಿದರು. ಒಡಹುಟ್ಟಿದ ತಂಗಿ ಎಂದು ಮನೆಯ ವಿಳಾಸ ಹೇಳಿದೆ. ಬರೆಯುತ್ತಿದ್ದ ಪೆನ್ನು ನಿಂತಿತು.

ಪೆನ್ನಿಗೆ ಮುಚ್ಚಳ ಹಾಕಿದರು. ಕ್ಷಮಿಸಿ, ಈ ಕೇಸು ನಾನು ತಗೊಳ್ಳೋಕಾಗಲ್ಲ ಅಂದರು. ಯಾಕೆ ಎಂದು ಕೇಳಿದೆ. ಯಾಕೆ ಅಂತಾನೂ ಹೇಳೋಕಾಗಲ್ಲ, ದಯವಿಟ್ಟು ಇನ್ನೇನೂ ನನ್ನ ಹತ್ತಿರ ಹೇಳಬೇಡಿ ಅಂದರು. ನಾನು ಮುಖ ಊದಿಸಿಕೊಂಡು ಎದ್ದೆ. ಬಾಗಿಲವರೆಗೆ ಬಂದು, ಒಡಹುಟ್ಟಿದವರ ವ್ಯಾಜ್ಯ ತಂದೋರಿಗೆಲ್ಲ ಒಂದು ಮಾತು ಹೇಳ್ತೀನಿ, ಕೋರ್ಟಿಗೆ ಮುಂಚೆ ಸಂಧಾನಕ್ಕೆ ಕೂತು ನೋಡಿ, ಇಬ್ಬರೂ ಒಪ್ಪಿದರೆ ಮಾತ್ರ ಎಂದು ಹೇಳಿ, ಹಿಂದಿನ ಬೀದಿಯಲ್ಲಿ ಅಂಥ ಕೆಲಸ ಮಾಡುವವರ ವಿಳಾಸ ಕೊಟ್ಟರು. ನಿನ್ನ ಬಗ್ಗೆ ಒಂದಕ್ಷರ ಬಾಯಿ ಬಿಡಲಿಲ್ಲ. ಆಕೆಯ ಮೇಲೆ ಅನುಮಾನ ಪಟ್ಟೀಯೆ!

ಮೆಟ್ಟಿಲು ಇಳಿಯುತ್ತಾ ಅರ್ಧ ದಾರಿಯಲ್ಲಿ ನನ್ನ ಬುದ್ಧಿಗೆ ಹೊಳೆಯಿತು. ಕೇಸು ತಗೊಳ್ಳೋಕಾಗಲ್ಲ, ಕಾರಣವೂ ಹೇಳೋಕಾಗಲ್ಲ ಎಂದರೆ ಇನ್ನೊಂದು ಕಡೆಯವರು ಮೊದಲೇ ಬಂದುಹೋಗಿದ್ದಾರೆ. ಅಂದರೆ ನೀನು! ನನಗಿಂತ ಮೊದಲೇ! ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಲಾ ಇವಳಾ, ಅಕ್ಕನ ಮೇಲೆ ಕೇಸು ಹಾಕಲು ಹೊರಟಿದ್ದಾಳಲ್ಲ ಎಂದು ಬೈದುಕೊಂಡೆ. ನಾನೂ ಅದೇ ಕೆಲಸಕ್ಕೆ ಬಂದವಳು ಎಂಬುದು ಒಂದೆರಡು ನಿಮಿಷ ಮರೆತೇಹೋಗಿತ್ತು.

ಆಮೇಲೆ ಯೋಚನೆ ಬಂತು. ಈ ಬಡಾವಣೆಯಲ್ಲಿ ಇಷ್ಟೊಂದು ವಕೀಲರಿದ್ದಾರೆ. ಈಕೆಯ ಫಲಕ ರಸ್ತೆಗೆ ಕಾಣುವುದೂ ಇಲ್ಲ. ನೀನು ಇಲ್ಲಿಗೇ ಹೇಗೆ ಬಂದೆ? ಎದುರು ಕೂತು ನೋಡಿದ್ದೀಯ. ನಾನು ಕಾಲು ನೋಡಿದೆ, ನೀನು ಕಣ್ಣು ನೋಡಿರುತ್ತೀಯ. ಅಪ್ಪನ ಬೆಂಚಿನ ಆ ಕಡೆ ಈ ಕಡೆ ಕೂತಿದ್ದವರು, ಇಷ್ಟು ವರ್ಷದ ಮೇಲೆ ಒಬ್ಬರ ಮೇಲೊಬ್ಬರು ದಾವೆ ಹೂಡಲು ಹೊರಟು ಅದೇ ಒಂದು ಬಾಗಿಲನ್ನು ಆರಿಸಿದ್ದೇವೆ. ನನಗೆ ನಗು ಬಂತು ಕಣೇ. ತಡೆಯಲಾಗದ ನಗು. ಇಸ್ತ್ರಿ ಅಂಗಡಿಯವನು ಗಾಬರಿಯಾಗಿ ನೀರು ತಂದುಕೊಟ್ಟ.

ಈಗ ಕೋಲಿನ ವಿಷಯ. ಊರವರ ಮಂಡಿಯನ್ನೆಲ್ಲ ರಿಪೇರಿ ಮಾಡಿದವಳ ಮಂಡಿ ಕೈಕೊಟ್ಟಿದೆ. ನನ್ನ ಬಾಡಿಗೆ ಮನೆ ನಾಲ್ಕನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ತರಕಾರಿ ಮರೆತರೆ ಆ ದಿನ ತರಕಾರಿ ಇಲ್ಲ. ನನಗೆ ಬೇಕಿದ್ದದ್ದು ಪಾಲಲ್ಲ, ನೆಲಮಟ್ಟದಲ್ಲಿ ಒಂದು ಕೋಣೆ. ಅಮ್ಮನ ಕೋಣೆ. ಆದರೆ ಪಾಲು ಕೇಳಿದರೆ ಹಕ್ಕು ಕೇಳಿದ ಹಾಗೆ, ಕೋಣೆ ಕೇಳಿದರೆ ಬೇಡಿದ ಹಾಗೆ ಅನ್ನಿಸಿತು. ಚಿಕ್ಕಂದಿನಿಂದ ನಿನಗೆ ಅಪ್ಪಣೆ ಕೊಟ್ಟೇ ರೂಢಿ. ಬೇಡಲು ನಾಲಿಗೆ ಹೊರಳಲಿಲ್ಲ.

ಈಗ ಕೇಳುತ್ತಿದ್ದೇನೆ. ನಮ್ಮ ಮನೆಯ ಹಳೆಯ ಕಾನೂನಿನಂತೆಯೇ ಕೇಳುತ್ತೇನೆ. ಇಬ್ಬರಿಗೂ ಸೇರಿ ಒಂದೇ ಬಿಸ್ಕತ್ತು ಇದ್ದಾಗ ಒಬ್ಬರು ಮುರಿಯಬೇಕು, ಇನ್ನೊಬ್ಬರು ಮೊದಲು ಆರಿಸಬೇಕು ಎಂದು ಅಪ್ಪ ಮಾಡಿಟ್ಟಿದ್ದರಲ್ಲ? ಯಾವಾಗಲೂ ನೀನೇ ಮುರಿಯುತ್ತಿದ್ದೆ, ನಾನು ಆರಿಸುತ್ತಿದ್ದೆ. ನಿನಗೆ ಸಮನಾಗಿ ಮುರಿಯಲು ಬರುತ್ತಲೇ ಇರಲಿಲ್ಲ. ದೊಡ್ಡ ತುಂಡು ಪ್ರತಿಸಲವೂ ನನಗೇ ಸಿಗುತ್ತಿತ್ತು. ಈ ಸಲ ನಾನು ಮುರಿಯುತ್ತೇನೆ. ಅಂಗಡಿ, ಅದರ ಹಿಂದಿನ ಹಜಾರ, ಮಹಡಿ ಪೂರ್ತಿ ಒಂದು ತುಂಡು. ಅಮ್ಮನ ಕೋಣೆ, ಅಡುಗೆಮನೆ, ಹಿತ್ತಲು, ಪಕ್ಕದ ಬಾಗಿಲು ಇನ್ನೊಂದು ತುಂಡು. ಮೊದಲು ಆರಿಸುವವಳು ನೀನು. ಮಾರುವ ಮಾತು ನಾವಿಬ್ಬರೂ ಬದುಕಿರುವವರೆಗೆ ಬೇಡ, ಅದನ್ನೂ ಬರೆಸೋಣ. ನಿನ್ನ ಅಂಗಡಿಯ ಬಾಗಿಲು ನಾಳೆಯೂ ಅಲ್ಲೇ ಇರುತ್ತದೆ, ಹೆದರಬೇಡ.

ನೀನು ಒಪ್ಪಿದರೆ ಆ ಸಂಧಾನದವರ ಹತ್ತಿರ ಕೂರೋಣ. ಸಹಿ ಹಾಕುವ ಮೊದಲು ಪ್ರತಿಯೊಂದು ಸಾಲನ್ನೂ ನಿನ್ನ ವಕೀಲೆಗೆ ತೋರಿಸು. ಅವರು ನಿನ್ನವರಾಗಿಯೇ ಇರಲಿ. ಬಹಳ ಒಳ್ಳೆಯ ಆಯ್ಕೆ, ಯಾಕೆಂದರೆ ನಾನೂ ಅವರನ್ನೇ ಆರಿಸಿದ್ದೆ. ನಾನು ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತೇನೆ. ಬೇಕರಿಯ ಮೇಜು ಹೇಗೂ ಇದೆ.

ಬುಧವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತೇನೆ. ಹೊಸ ಬೀಗದ ಕೀಲಿಕೈ ಕಳಿಸಬೇಡ. ಪಕ್ಕದ ಬಾಗಿಲು ತಟ್ಟುತ್ತೇನೆ. ತೆಗೆಯುವುದು, ಬಿಡುವುದು ನಿನಗೆ ಸೇರಿದ್ದು. ತೆಗೆಯುವುದಾದರೆ ಸ್ವಲ್ಪ ಬೇಗ ತೆಗೆ, ಬಹಳ ಹೊತ್ತು ನಿಲ್ಲಲಾರೆ.

ಬೈಗುಳ, ಪ್ರೀತಿ ಎರಡರಲ್ಲೂ ನಿನ್ನವಳೇ ಆದ,
ಅಕ್ಕ

ತಾ.ಕ.: ನೀನು ಬಂದುಹೋದದ್ದು ನನ್ನ ಬುದ್ಧಿಗೇ ಹೊಳೆಯಿತು ಎಂದು ಮೇಲೆ ಜಂಬ ಕೊಚ್ಚಿಕೊಂಡಿದ್ದೇನೆ. ಅದು ಸುಳ್ಳು. ಮೆಟ್ಟಿಲ ಮೇಲೆ ಕೂತದ್ದು ನಿಜ, ಆದರೆ ಆಗ ನನಗೆ ಏನೂ ಹೊಳೆದಿರಲಿಲ್ಲ. ಇವರೂ ನನ್ನನ್ನು ಹೊರಗೆ ಹಾಕಿದರಲ್ಲ ಎಂದು ಅಳುತ್ತಿದ್ದೆ. ಇಸ್ತ್ರಿಯವನು ನೀರು ಕೊಟ್ಟದ್ದು ಅದಕ್ಕೇ. ಅಲ್ಲಿಂದ ಮತ್ತೆ ಬೇಕರಿಗೆ ಹೋಗಿ ಕೂತೆ. ಬಿಸ್ಕತ್ತು ಮುರಿಯುತ್ತಿದ್ದಾಗ ಬೇಕರಿಯಾಕೆ ನನ್ನನ್ನೇ ನೋಡುತ್ತಿದ್ದಳು. ಹೋದ ವಾರಾನೂ ಒಬ್ಬರು ಇದೇ ಮೇಜಲ್ಲಿ ಕೂತು ಆ ಬಾಗಿಲನ್ನೇ ನೋಡ್ತಿದ್ದರು, ಆಮೇಲೆ ಮೇಲೆ ಹೋಗಿಬಂದು, ಕಣ್ಣು ಒರೆಸ್ಕೊಂಡು, ನಿಮ್ಮ ಹಾಗೇ ಬಿಸ್ಕತ್ತು ಮುರಿದರು ಅಂದಳು. ಚಿಕ್ಕ ತುಂಡು ತಿಂದು ದೊಡ್ಡದನ್ನು ತಟ್ಟೆಯಲ್ಲೇ ಬಿಟ್ಟಿದ್ದರಂತೆ. ತಟ್ಟೆ ತೆಗೆಯಲು ಹೋದಾಗ, ಇರಲಿ ಬಿಡಿ, ಅದು ನಮ್ಮಕ್ಕಂದು ಅಂದರಂತೆ. ನಗು ಬಂದದ್ದು ಆಗ. ನಿನಗೆ ಸಮನಾಗಿ ಮುರಿಯಲು ಬರುವುದಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿದ್ದೆನಲ್ಲೇ.