ಬಜಾರಿಯನ್ನು ಹುಡುಕಿಕೊಂಡು

ಮಗಳೇ,

ಎದ್ದವಳೇ ಕೋಳಿಗೂಡಿಗೆ ಓಡಬೇಡ, ಮೊದಲು ಇದನ್ನು ಓದು. ಫ್ಲಾಸ್ಕಿನಲ್ಲಿ ಚಹಾ ಇದೆ.

ನಿನ್ನ ಬಜಾರಿ ಗೂಡಿನಲ್ಲಿಲ್ಲ. ನಿನ್ನೆ ನೀನು ಕೆಲಸಕ್ಕೆ ಹೋದ ಮೇಲೆ ಅವಳನ್ನು ಕೋಳಿ ಅಂಗಡಿಯವನಿಗೆ ಕೊಟ್ಟುಬಿಟ್ಟೆ. ನೀನು ಬಂದಾಗ ಹೇಳಲು ಬಾಯಿ ಬರಲಿಲ್ಲ.

ಇರುವ ಎರಡು ಕೋಳಿಗಳಲ್ಲಿ ದಿನಾ ಮೊಟ್ಟೆ ಒಡೆದು ತಿನ್ನುವವಳು ಅವಳೇ, ಸಾಧು ಅಲ್ಲ ಅಂದುಕೊಂಡಿದ್ದೆ. ಒಡೆದ ಮೊಟ್ಟೆಯ ಮುಂದೆ ಯಾವಾಗಲೂ ಅವಳೇ ನಿಂತಿರುತ್ತಿದ್ದಳಲ್ಲ! "ಅವಳು ಏನು ಕಂಡ್ರೂ ಮೊದಲು ಓಡಿಹೋಗಿ ನೋಡೋಳಪ್ಪ, ಸಾಧು ಹೆದರಿ ಮೂಲೆ ಸೇರ್ತಾಳೆ, ಅಷ್ಟೇ" ಅಂತ ನೀನು ಬಡಕೊಂಡೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇವತ್ತು ಬೆಳಗ್ಗೆ ನೋಡಿದರೆ ಮತ್ತೆ ಮೊಟ್ಟೆ ಒಡೆದಿದೆ. ಸಾಧುವಿನ ಕೊಕ್ಕಿನ ತುಂಬ ಹಳದಿ. ನನ್ನನ್ನು ಕಂಡು ಮೆಲ್ಲಗೆ ಮೂಲೆಗೆ ಸರಿದಳು.

ಅವಳಿಗೆ ಹೊಡೆಯಬೇಡ, ಅವಳ ಗುಣ ಅವಳಿಗೆ. ಮೊಟ್ಟೆ ಇಟ್ಟ ಕೂಡಲೇ ಎತ್ತಿಡು, ಸಾಕು. ಎರಡು ಬಟ್ಟಲಿಗೂ ಕಾಳು ಹಾಕಿದ್ದೇನೆ, ಒಂದನ್ನು ತೆಗೆದಿಡಬೇಡ.

ಅಂಗಡಿ ತೆಗೆಯುವ ಮೊದಲೇ ಅವನ ಬಾಗಿಲಲ್ಲಿ ನಿಲ್ಲೋಣ ಅಂತ ಹೊರಟಿದ್ದೇನೆ. ಉಳಿದಿದ್ದರೆ ಕರೆತರುತ್ತೇನೆ. ಇಲ್ಲದಿದ್ದರೆ ನಿನಗೆ ಯಾವ ಮುಖ ತೋರಿಸಲಿ?

ಇನ್ನೊಂದು ಮಾತು. ನೀನು ಚಿಕ್ಕವಳಿದ್ದಾಗ ನಿಮ್ಮಮ್ಮನ ಗಡಿಯಾರ ಒಡೆದಿತ್ತಲ್ಲ, ಆಗಲೂ ಚೂರುಗಳ ಮುಂದೆ ನಿಂತಿದ್ದವಳು ನೀನು. ನಿನ್ನ ಬೆನ್ನು ಮುರಿಯುವ ಹಾಗೆ ಹೊಡೆದೆ. ಬಾಗಿಲ ಹಿಂದೆ ನಿಂತಿದ್ದ ನಿನ್ನ ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ.

ಅಪ್ಪ