ತಿಳಿದನಿ ನಿಲ್ಲಿಸಿದ ಮೇಲೆ

ಕೊಪ್ಪಳ, 30 ಫೆಬ್ರವರಿ 2213

ಕಿವಿ ಕೇಳದ ಮಗುವನ್ನು ಎತ್ತಿಕೊಂಡು ಥೆರಪಿಗೆ ಓಡಾಡುತ್ತಿರುವ ಅಮ್ಮಂದಿರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಕೆಲಸ ಹೆಚ್ಚಾಯಿತೇ ಹೊರತು ರಜೆ ಹೆಚ್ಚಲಿಲ್ಲ. ನಿಮಗೆ ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಚನ್ನಾಂಬಿಕೆ. ಇಪ್ಪತ್ತಾರು ವರ್ಷದಿಂದ ಇಲ್ಲಿ ಮಕ್ಕಳಿಗೆ ಕೇಳುವುದನ್ನು ಕಲಿಸುವ ಟೀಚರು. ನಿಜ ಹೇಳಬೇಕೆಂದರೆ ಕಲಿಸಿದ್ದು ಕಡಿಮೆ.

ನಮ್ಮಲ್ಲಿ ಕಿವಿ ಕೇಳದ ಮಗುವಿಗೆ ಹುಟ್ಟಿದ ತಿಂಗಳಲ್ಲೇ ಒಳಗಿವಿ ಹಾಕುತ್ತಾರೆ. ನಿಮ್ಮ ಕಾಕ್ಲಿಯರ್ ಇಂಪ್ಲಾಂಟಿನ ಮರಿಮಗಳು ಎನ್ನಿ. ಅದರ ಜೊತೆಗೇ ತಿಳಿದನಿ ಬರುತ್ತದೆ. ಯಾರು ಹೇಗೇ ಮಾತಾಡಲಿ, ತಿಳಿದನಿ ಅದನ್ನು ಸೋಸಿ, ಒಂದೇ ಸ್ವಚ್ಛ ದನಿಯಲ್ಲಿ, ಪುಸ್ತಕದ ಕನ್ನಡದಲ್ಲಿ ಮಗುವಿಗೆ ಕೇಳಿಸುತ್ತದೆ. ಮಕ್ಕಳು ಬೇಗನೇ ಅರಳು ಹುರಿದಂತೆ ಮಾತಾಡುತ್ತಾರೆ. ನಿಮ್ಮ ಹಾಗೆ ವರ್ಷಗಟ್ಟಲೆ ಕೂತು ಕಲಿಸುವ ಕಾಟವಿಲ್ಲ. ನಾನು ಒಂದು ಗುಂಡಿ ಒತ್ತಿ, ಕಾಗದಕ್ಕೆ ಸಹಿ ಹಾಕಿ, ಆಮೇಲೆ ಮಂಡಕ್ಕಿ ತಿನ್ನುತ್ತ ಕೂರುತ್ತಿದ್ದೆ.

ಡಿಸೆಂಬರಿನಲ್ಲಿ ಸಾರವ್ವ ಎಂಬ ತಾಯಿ ನಾಲ್ಕು ವರ್ಷದ ಮಗಳು ಇಬ್ಬನಿಯನ್ನು ಕರೆದುಕೊಂಡು ಬಂದಳು. ಸಂತೆಯಲ್ಲಿ ಮಗು ಕೈಬಿಡಿಸಿಕೊಂಡಿತ್ತು. ತಾಯಿ ಹಿಂದಿನಿಂದ ಹೆಸರು ಹಿಡಿದು ಕೂಗಿದಾಗ, ಎದುರಿಗಿದ್ದ ಬಳೆಯವಳೇ ಕರೆದಳೆಂದು ತಿಳಿದು ಅವಳ ಹಿಂದೆ ಹೊರಟುಹೋಯಿತು. ಸಿಗಲು ಅರ್ಧ ದಿನ ಬೇಕಾಯಿತು. "ನನ್ನ ದನಿ ಯಾವ್ದಂತ ನನ್ನ ಕೂಸಿಗೇ ಗೊತ್ತಿಲ್ರೀ ಅಕ್ಕೋರ" ಎಂದು ಸಾರವ್ವ ಅತ್ತಳು. ನನಗೆ ತಲೆ ಎತ್ತಲಾಗಲಿಲ್ಲ. ಎಷ್ಟು ಮಕ್ಕಳಿಗೆ ಇದನ್ನೇ ಮಾಡಿ ಕಳಿಸಿದ್ದೇನೋ.

ಅಂದೇ ತಿಳಿದನಿ ನಿಲ್ಲಿಸಿದೆ. ಈಗ ಇಬ್ಬನಿಗೆ ಕೇಳಿಸುವುದೆಲ್ಲ ಬರೀ ಗದ್ದಲ. ಮಾತು ಬಿಟ್ಟಿದ್ದಾಳೆ. ನನ್ನ ಕೈ ಹಿಡಿದು ಗುಂಡಿಯ ಕಡೆ ಎಳೆಯುತ್ತಾಳೆ. ಯುಗಾದಿಯೊಳಗೆ ತಾಯಿಯ ದನಿ ಗುರುತಿಸದಿದ್ದರೆ, ಒಳಗಿವಿಯ ಉಸ್ತುವಾರಿ ನೋಡುವ ಸಮಿತಿಯವರು ತಿಳಿದನಿಯನ್ನು ಮತ್ತೆ ಹಚ್ಚುತ್ತಾರೆ. ಆಮೇಲೆ ಅದನ್ನು ತೆಗೆಯುವಂತಿಲ್ಲ.

ನಿಮ್ಮ ವಿದ್ಯೆ ಬಲ್ಲವರು ಇಲ್ಲಿ ಯಾರೂ ಉಳಿದಿಲ್ಲ. ಇರುವುದು ಒಂದು ಹಳೆಯ ಫೋಟೋ: ಟೀಚರು ಮಗುವಿನ ಪಕ್ಕ ಕೂತು, ಒಂದು ರಟ್ಟಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. ಅದು ನೆಗಡಿ ಹರಡದಿರಲೆಂದು ಮಾಡಿದ್ದು ಎಂದು ನಾವು ಇಷ್ಟು ವರ್ಷ ಪಾಠ ಹೇಳಿದೆವು. ಇಬ್ಬನಿ ನನ್ನ ತುಟಿಯನ್ನೇ ದಿಟ್ಟಿಸುವುದನ್ನು ಕಂಡ ಮೇಲೆ ನನ್ನ ಮಂದ ಬುದ್ಧಿಗೆ ಹೊಳೆಯಿತು. ಮಗು ತುಟಿ ನೋಡಬಾರದು, ಕೇಳಬೇಕು. ಅಂದಿನಿಂದ ಸಾರವ್ವ ಪಕ್ಕದಲ್ಲೇ ಕೂತು, ಬಾಯಿ ಮರೆಮಾಡಿ ಮಾತಾಡುತ್ತಾಳೆ. ಹಿಟ್ಟು ಕಲಸುವಾಗ ಹಿಟ್ಟಿನ ಮಾತು, ತಲೆ ಬಾಚುವಾಗ ಜಡೆಯ ಮಾತು. ಹನ್ನೊಂದು ವಾರವಾಯಿತು. ಅವಳ ಗಂಟಲು ಬಿದ್ದುಹೋಗಿದೆ. ನಾನೂ ಸೋತಿದ್ದೇನೆ. ತಾಯಿಯ ದನಿಗೆ ಮಗು ಇನ್ನೂ ತಿರುಗಿ ನೋಡಿಲ್ಲ.

ಇನ್ನೆಷ್ಟು ದಿನ ಎಂದು ಸಾರವ್ವ ದಿನಾ ಕೇಳುತ್ತಾಳೆ. ನಾನು ಬಾಯಿಗೆ ಬಂದದ್ದು ಹೇಳುತ್ತೇನೆ. ನಿಮಗೆ ಗೊತ್ತಿರುತ್ತದೆ. ನಿಮ್ಮ ಮಗು ಎಷ್ಟನೇ ವಾರಕ್ಕೆ ತಿರುಗಿತು, ನೀವಾಗ ಏನು ಹೇಳುತ್ತಿದ್ದಿರಿ, ದಯವಿಟ್ಟು ಬರೆದಿಡಿ. ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲಾದರೂ ಸರಿ. ನೀವು ಬರೆದಿದ್ದರೆ ಇಷ್ಟರಲ್ಲಿ ನನಗೆ ಸಿಗಬೇಕಿತ್ತು, ಗೊತ್ತು. ಇರುವ ಕಡತಗಳನ್ನೆಲ್ಲ ಹುಡುಕಿ ಮುಗಿಸಿದ್ದೇನೆ.

ಆದರೂ ಬರೆಯಿರಿ. ನಾಳೆ ಬೆಳಿಗ್ಗೆ ಸಾರವ್ವ ಮತ್ತೆ ಕೇಳುತ್ತಾಳೆ.

ಚನ್ನಾಂಬಿಕೆ